ನೀರು ಇಳಿಯುವ ದಾರಿ ಮೊದಲು

ಮೊದಲ ಸಲ ಕಂಪ್ಯೂಟರಿಗೆ ಕಸ್ಟಮ್ ವಾಟರ್ ಕೂಲಿಂಗ್ (ಬಿಡಿಭಾಗ ತಂದು ತಾವೇ ಜೋಡಿಸುವ, ನೀರು ಹರಿಸುವ ಕೂಲಿಂಗ್) ಮಾಡಲು ಹೊರಟವರ ಹಾಳೆಯಲ್ಲಿ ಸಾಮಾನ್ಯವಾಗಿ ಮೊದಲು ಇಳಿಯುವುದು ಕೂಲೆಂಟಿನ, ಅಂದರೆ ಒಳಗೆ ಹರಿಯುವ ದ್ರವದ, ಬಣ್ಣ. ಆಮೇಲೆ ಚಿಪ್ಪಿನ ಮೇಲೆ ಕೂತು ಶಾಖ ಎತ್ತುವ ಬ್ಲಾಕು, ಆ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರು, ಟ್ಯೂಬು. ಎಲ್ಲ ಕೊಂಡು, ಜೋಡಿಸಿ, ನೀರು ತುಂಬಿ, ವರ್ಷವೊಂದು ಚೆನ್ನಾಗಿ ಓಡಿದ ಮೇಲೆ ಒಂದು ದಿನ ಗ್ರಾಫಿಕ್ಸ್ ಕಾರ್ಡ್ ಬಿಚ್ಚಬೇಕಾಗಿ ಬರುತ್ತದೆ. ಆಗ ಹೊಳೆಯುತ್ತದೆ: ಒಳಗಿರುವ ಒಂದು ಲೀಟರ್ ನೀರನ್ನು ಹೊರಗೆ ತೆಗೆಯಲು ದಾರಿಯೇ ಇಟ್ಟಿಲ್ಲ. ಟ್ಯೂಬನ್ನು ಭಾಗಗಳಿಗೆ ಸೇರಿಸುವ ಯಾವ ಫಿಟ್ಟಿಂಗ್ ಸಡಿಲಿಸಿದರೂ ನೀರು ಬೀಳುವುದು ಮದರ್‌ಬೋರ್ಡಿನ ಮೇಲೆ ಅಥವಾ ಪವರ್ ಸಪ್ಲೈ ಮೇಲೆ.

ಆದ್ದರಿಂದ ಲೂಪಿನ, ಅಂದರೆ ನೀರು ಸುತ್ತುವ ಈ ವರ್ತುಲದ, ಚಿತ್ರ ಬರೆಯಲು ಕೂತಾಗ ಪೆನ್ಸಿಲ್ ಮೊದಲು ಇಡಬೇಕಾದ್ದು ಕೇಸಿನ ತಳದಲ್ಲಿ. ಲೂಪಿನ ಅತ್ಯಂತ ತಗ್ಗಿನ ಬಿಂದು ಎಲ್ಲಿ ಬರುತ್ತದೆ, ಅಲ್ಲಿಂದ ಒಂದು ಟ್ಯೂಬನ್ನು ಕೇಸಿನ ಹೊರಗಿನ ಬಾಟಲಿಗೆ ಎಳೆಯಲು ಕೈ ಹೋಗುತ್ತದೆಯೇ ಎಂದು ನೋಡಿ. ಅಲ್ಲಿ ಒಂದು ಟಿ ಫಿಟ್ಟಿಂಗ್, ಅದರ ಕೆಳಗಿನ ಬಾಯಿಗೆ ಬಾಲ್ ವಾಲ್ವ್, ವಾಲ್ವಿನ ತುದಿಗೆ ಒಂದು ಪ್ಲಗ್. ಪ್ಲಗ್ ಯಾಕೆ ಎಂದರೆ, ಕೇಸಿನೊಳಗೆ ಏನೋ ಹುಡುಕುವಾಗ ವಾಲ್ವಿನ ಹಿಡಿಗೆ ಕೈ ತಗುಲಿದರೂ ನೀರು ಚೆಲ್ಲಬಾರದು. ಪಂಪ್ ತಳದಲ್ಲೇ ಕೂರುವ ಹಾಗಿದ್ದು ಅದರಲ್ಲಿ ಹೆಚ್ಚುವರಿ ಬಾಯಿ ಇದ್ದರೆ ಟಿ ಕೂಡ ಬೇಡ, ವಾಲ್ವನ್ನು ನೇರ ಅಲ್ಲಿಗೇ ಹಾಕಬಹುದು. ಈ ಜಾಗ ನಿಶ್ಚಯವಾದ ಮೇಲೆ ಉಳಿದದ್ದೆಲ್ಲ ಅದರ ಸುತ್ತ ತಾನಾಗಿ ಕೂರುತ್ತದೆ.

ಇನ್ನು ನೀರಿನ ಕೆಲಸದ ಬಗ್ಗೆ. ನೀರು ತಂಪು ಮಾಡುವುದಿಲ್ಲ, ಶಾಖ ಹೊರುತ್ತದೆ. ಚಿಪ್ಪಿನಿಂದ ಎತ್ತಿಕೊಂಡ ಶಾಖವನ್ನು ರೇಡಿಯೇಟರಿನಲ್ಲಿ ಇಳಿಸುತ್ತದೆ, ಅಲ್ಲಿಂದ ಅದನ್ನು ತಳ್ಳಿ ಹಾಕುವುದು ಕೋಣೆಯ ಗಾಳಿಯೇ. ಹೀಗಾಗಿ ಲೂಪಿನ ನೀರು ಕೋಣೆಯ ಉಷ್ಣತೆಗಿಂತ ಕೆಳಗೆ ಎಂದೂ ಇಳಿಯಲಾರದು. ಟ್ಯೂಬಿನ ಮೇಲೆ ಇಬ್ಬನಿ ಕಟ್ಟಿ ಬೋರ್ಡ್ ಹಾಳಾಗುತ್ತದೆಂಬ ಹೆದರಿಕೆಗೆ ಇಂಥ ಲೂಪಿನಲ್ಲಿ ಆಧಾರವೇ ಇಲ್ಲ. ಅದು ನೀರನ್ನು ಕೋಣೆಗಿಂತ ತಣ್ಣಗೆ ಮಾಡುವ ಚಿಲ್ಲರ್ ಹಾಕುವವರ ಸಮಸ್ಯೆ.

ಲಾಭ ಎಲ್ಲಿ ಸಿಗುತ್ತದೆ ಎಂಬುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಗ್ರಾಫಿಕ್ಸ್ ಕಾರ್ಡಿನ ಚಿಪ್ ದೊಡ್ಡದು, ಬ್ಲಾಕ್ ಅದರ ಮೇಲೆ ನೇರವಾಗಿ ಕೂರುತ್ತದೆ, ಆದ್ದರಿಂದ ಉಷ್ಣತೆ ಮತ್ತು ಸದ್ದು ಎರಡೂ ಕಣ್ಣಿಗೆ, ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತವೆ. ಪ್ರೊಸೆಸರಿನ ಕತೆ ಬೇರೆ. ಚಿಕ್ಕ ಚಿಪ್, ಅದರ ಮೇಲೆ ಲೋಹದ ಮುಚ್ಚಳ, ಮುಚ್ಚಳದ ಮೇಲೆ ಶಾಖ ದಾಟಿಸುವ ಪೇಸ್ಟ್. ಶಾಖ ನೀರಿಗೆ ತಲುಪುವ ಮೊದಲೇ ಈ ಪದರಗಳಲ್ಲಿ ತಡವಾಗುತ್ತದೆ. ಒಳ್ಳೆಯ ಏರ್ ಕೂಲರಿಗಿಂತ ಕೆಲವೇ ಡಿಗ್ರಿ ಕಡಿಮೆಯಾದರೆ ಜೋಡಣೆ ತಪ್ಪಿದೆ ಎಂದು ಭಾವಿಸಬೇಕಾಗಿಲ್ಲ. ಪ್ರೊಸೆಸರ್ ಒಂದಕ್ಕೇ ಲೂಪ್ ಮಾಡುವುದು ನನ್ನ ಲೆಕ್ಕದಲ್ಲಿ ಶ್ರಮಕ್ಕೆ ತಕ್ಕ ಫಲ ಕೊಡುವುದಿಲ್ಲ. ಲೂಪ್ ಮಾಡುವುದಾದರೆ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಇರಲೇಬೇಕು.

ಶಾಖದ ಲೆಕ್ಕ ಸುಲಭ. ಪ್ರೊಸೆಸರ್ 150 ವ್ಯಾಟ್, ಕಾರ್ಡ್ 350 ವ್ಯಾಟ್ ಎಂದುಕೊಳ್ಳಿ, ಒಟ್ಟು 500. ಫ್ಯಾನು ನಿಧಾನವಾಗಿ ತಿರುಗಬೇಕು, ನೀರು ಕೋಣೆಗಿಂತ ಸುಮಾರು 10 ಡಿಗ್ರಿ ಮೇಲೆ ನಿಲ್ಲಬೇಕು ಎಂದಾದರೆ, ಪ್ರತಿ 100 ವ್ಯಾಟಿಗೆ 120 ಮಿಲಿಮೀಟರಿನ ಒಂದು ರೇಡಿಯೇಟರ್ ಭಾಗ ಎಂಬುದು ರೂಢಿಯ ಅಂದಾಜು. 500 ವ್ಯಾಟಿಗೆ ಐದು ಭಾಗ: ಒಂದು 360, ಒಂದು 240. ಇದು ಅಂದಾಜೇ ಹೊರತು ನಿಯಮವಲ್ಲ. ಫ್ಯಾನಿನ ವೇಗ ಹೆಚ್ಚಿಸಿದರೆ ಅದೇ ರೇಡಿಯೇಟರ್ ಇನ್ನೂ ಹೆಚ್ಚು ಶಾಖ ಇಳಿಸುತ್ತದೆ, ಸದ್ದಿನ ಬೆಲೆ ತೆತ್ತು. ಕೋಣೆ 30 ಡಿಗ್ರಿ ಇದ್ದರೆ ನೀರು 40ರ ಆಸುಪಾಸಿನಲ್ಲಿ ನಿಲ್ಲುವುದು ಸಹಜ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಒಂದು ಪ್ರಶ್ನೆಗೆ ಮಾತ್ರ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ನಿದ್ದೆಗೆಡುತ್ತಾರೆ: ಯಾವುದರ ನಂತರ ಯಾವುದು? ಪ್ರೊಸೆಸರ್ ಮತ್ತು ಕಾರ್ಡಿನ ನಡುವೆ ರೇಡಿಯೇಟರ್ ಇರಲೇಬೇಕೇ? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.19 ಜೂಲ್ ಬೇಕು. ನಿಮಿಷಕ್ಕೆ ಒಂದು ಲೀಟರ್ ಹರಿದರೆ ಸೆಕೆಂಡಿಗೆ 16.7 ಗ್ರಾಂ, ಅಂದರೆ 70 ವ್ಯಾಟ್ ಹಾಕಿದರೆ ಒಂದು ಡಿಗ್ರಿ ಏರಿಕೆ. ಸಾಧಾರಣ ಲೂಪಿನಲ್ಲಿ ನಿಮಿಷಕ್ಕೆ 2ರಿಂದ 4 ಲೀಟರ್ ಹರಿಯುತ್ತದೆ. 4 ಲೀಟರಿನಲ್ಲಿ 350 ವ್ಯಾಟಿನ ಕಾರ್ಡ್ ದಾಟಿದ ನೀರು ಏರುವುದು ಒಂದೂಕಾಲು ಡಿಗ್ರಿ, 2 ಲೀಟರಿನಲ್ಲಿ ಎರಡೂವರೆ. ಇಷ್ಟಕ್ಕಾಗಿ ಕೇಸಿನ ತುಂಬ ಟ್ಯೂಬು ಸುತ್ತಿಸುವುದು ಬೇಡ. ಟ್ಯೂಬು ಎಲ್ಲಿ ಗಿಡ್ಡವಾಗಿ, ತಿರುವಿಲ್ಲದೆ ಹೋಗುತ್ತದೋ ಆ ಕ್ರಮವೇ ಸರಿ. ಪಾಲಿಸಲೇಬೇಕಾದ ಕ್ರಮ ಒಂದೇ: ರಿಸರ್ವಾಯರ್ (ನೀರು ತುಂಬಿಡುವ ಡಬ್ಬಿ) ಪಂಪಿನ ಮುಂಚೆ, ಅದಕ್ಕಿಂತ ಎತ್ತರದಲ್ಲಿ ಇರಬೇಕು. ಪಂಪಿನ ಬೇರಿಂಗಿಗೆ ನೀರೇ ಎಣ್ಣೆ. ಒಣಗಿದ ಪಂಪ್ ಕೆಲವು ಸೆಕೆಂಡ್ ಓಡಿದರೂ ಅದರ ಆಯಸ್ಸಿಗೆ ಪೆಟ್ಟು.

ಈ ಹಂತದಲ್ಲಿ ಟೇಪು ಹಿಡಿದು ಕೇಸಿನೊಳಗೆ ಇಳಿಯಬೇಕು. ತಯಾರಕರು 360ರ ರೇಡಿಯೇಟರಿಗೆ ಜಾಗವಿದೆ ಎಂದು ಬರೆದಿರುವುದು ಉದ್ದದ ಮಾತು, ದಪ್ಪದ್ದಲ್ಲ. ತೆಳು ರೇಡಿಯೇಟರ್ 30 ಮಿಲಿಮೀಟರ್, ಫ್ಯಾನ್ 25, ಒಟ್ಟು 55. ಮೇಲ್ಭಾಗದಲ್ಲಿ ಹಾಕುವುದಾದರೆ ಈ 55 ಮಿಲಿಮೀಟರ್ ಮದರ್‌ಬೋರ್ಡಿನ ಹೀಟ್‌ಸಿಂಕಿಗೆ, ಎತ್ತರದ ರ‍್ಯಾಮಿಗೆ, ಪ್ರೊಸೆಸರಿನ ಪವರ್ ಕೇಬಲ್ ಚುಚ್ಚುವ ಜಾಗಕ್ಕೆ ತಾಗುತ್ತದೆಯೇ ನೋಡಿ. ರೇಡಿಯೇಟರಿನ ಉದ್ದವೂ 360 ಅಲ್ಲ. ಎರಡೂ ಕಡೆಯ ತೊಟ್ಟಿ ಸೇರಿ 390ರಿಂದ 400ರ ತನಕ ಹೋಗುತ್ತದೆ. ಅದರ ಬಾಯಿಗಳು ಯಾವ ಕಡೆ ಬರುತ್ತವೆ, ಅಲ್ಲಿ ಫಿಟ್ಟಿಂಗ್ ಹಾಕಿ ಟ್ಯೂಬ್ ಬಗ್ಗಿಸಲು ಇನ್ನೊಂದು 50 ಮಿಲಿಮೀಟರ್ ಸಿಗುತ್ತದೆಯೇ ಎಂಬುದನ್ನೂ ಅಳೆಯಿರಿ. ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ಕೊಳ್ಳುವಾಗ ಕಾರ್ಡಿನ ಚಿಪ್ ಹೆಸರು ನೋಡಿದರೆ ಸಾಲದು. ಅದೇ ಚಿಪ್ಪನ್ನು ಬೇರೆಬೇರೆ ತಯಾರಕರು ಬೇರೆಬೇರೆ ಬೋರ್ಡಿನ ಮೇಲೆ ಕೂರಿಸಿರುತ್ತಾರೆ. ನಿಮ್ಮ ಮಾದರಿಯ ಪೂರ್ತಿ ಹೆಸರು ಬ್ಲಾಕ್ ತಯಾರಕರ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಬ್ಲಾಕ್ ನಿಮ್ಮದಲ್ಲ.

ರೇಡಿಯೇಟರಿಗೆ ಫ್ಯಾನ್ ಬಿಗಿಯುವ ಸ್ಕ್ರೂ ಬಗ್ಗೆ ಒಂದು ಎಚ್ಚರಿಕೆ. ಸ್ಕ್ರೂ ಹೋಗುವ ತೂತಿನ ಹಿಂದೆ ಕೆಲವು ರೇಡಿಯೇಟರುಗಳಲ್ಲಿ ರಕ್ಷಣೆಯ ತಗಡು ಇರುತ್ತದೆ, ಕೆಲವುಗಳಲ್ಲಿ ನೇರವಾಗಿ ನೀರಿನ ಕೊಳವೆಯೇ ಇರುತ್ತದೆ. ಜೊತೆಗೆ ಬಂದ ಸ್ಕ್ರೂ ಬಿಟ್ಟು ಎರಡು ಮಿಲಿಮೀಟರ್ ಉದ್ದದ್ದು ಹಾಕಿದರೆ ಹೊಸ ರೇಡಿಯೇಟರ್ ಅಲ್ಲಿಗೇ ತೂತು.

ಪಂಪಿನಲ್ಲಿ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಜಾತಿ, ಡಿ5 ಮತ್ತು ಡಿಡಿಸಿ. ಡಿಡಿಸಿ ಗಾತ್ರದಲ್ಲಿ ಚಿಕ್ಕದು, ಬಿಸಿಯಾಗುತ್ತದೆ. ಮೊದಲ ಲೂಪಿಗೆ ರಿಸರ್ವಾಯರಿನ ಜೊತೆಗೇ ಬರುವ ಡಿ5 ಸಾಕು. ಅದರ ವಿದ್ಯುತ್ ನೇರ ಪವರ್ ಸಪ್ಲೈನಿಂದ ಬರುತ್ತದೆ, ಮದರ್‌ಬೋರ್ಡಿಗೆ ಹೋಗುವುದು ವೇಗದ ಸಂಕೇತದ ತಂತಿ ಮಾತ್ರ. ಆ ತಂತಿಯನ್ನು ಅದರಲ್ಲಿ ಪ್ರೊಸೆಸರ್ ಫ್ಯಾನಿಗೆಂದು ಇರುವ ಪಿನ್ನುಗಳಿಗೆ (ಹೆಡರಿಗೆ) ಚುಚ್ಚಿದರೆ ಒಂದು ಉಪಕಾರವಿದೆ: ಪಂಪ್ ನಿಂತರೆ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಕೂಗಿ ಹೇಳುತ್ತದೆ.

ಟ್ಯೂಬು ಗಟ್ಟಿಯದೋ ಮೆತ್ತನೆಯದೋ? ಮೊದಲ ಸಲಕ್ಕೆ ಮೆತ್ತನೆಯದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಗಟ್ಟಿ ಟ್ಯೂಬಿನಲ್ಲಿ ಅಳತೆ ಎರಡು ಮಿಲಿಮೀಟರ್ ತಪ್ಪಿದರೂ ಟ್ಯೂಬ್ ಓರೆಯಾಗಿ ಕೂರುತ್ತದೆ, ಫಿಟ್ಟಿಂಗಿನ ರಬ್ಬರ್ ಬಳೆಯ (ಒ-ರಿಂಗಿನ) ಒಂದು ಪಕ್ಕಕ್ಕೆ ಒತ್ತಡ ಬೀಳುತ್ತದೆ. ಮೆತ್ತನೆಯದು ಆ ತಪ್ಪನ್ನು ತಾನೇ ನುಂಗಿಕೊಳ್ಳುತ್ತದೆ. ಮೆತ್ತನೆಯದರಲ್ಲೂ ಪಾರದರ್ಶಕ ಪಿವಿಸಿ ಟ್ಯೂಬಿಗೆ ಒಂದು ರೋಗವಿದೆ: ಅದನ್ನು ಮೆದುವಾಗಿಟ್ಟ ಪ್ಲಾಸ್ಟಿಸೈಸರ್ ತಿಂಗಳುಗಟ್ಟಲೆ ನೀರಿನಲ್ಲಿ ಬಿಟ್ಟುಕೊಂಡು, ಬಿಳಿ ಅಂಟಾಗಿ ಬ್ಲಾಕಿನ ಸಂದಿಯಲ್ಲಿ ಕೂರುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬಿನಲ್ಲಿ ಈ ಕಾಟ ಇಲ್ಲ. ನೀರು ಕಾಣುವುದಿಲ್ಲ, ನಿಜ. ರಿಸರ್ವಾಯರಿನಲ್ಲಿ ಕಾಣುತ್ತದಲ್ಲ, ಸಾಕು.

ಫಿಟ್ಟಿಂಗಿನ ಚೂಡಿ, ಅಂದರೆ ತಿರುಪಿನ ಗೆರೆ, ಬಹುತೇಕ ಎಲ್ಲ ಕಡೆ ಜಿ1/4 ಎಂಬ ಒಂದೇ ಅಳತೆಯದು. ಆದರೆ ಟ್ಯೂಬಿನ ಕಡೆ ಒಳಗಿನ ಅಳತೆ, ಹೊರಗಿನ ಅಳತೆ ಎರಡೂ ಹೊಂದಬೇಕು. 10/16ರ (ಒಳಗೆ 10, ಹೊರಗೆ 16 ಮಿಲಿಮೀಟರಿನ) ಟ್ಯೂಬಿಗೆ 10/13ರ ಫಿಟ್ಟಿಂಗ್ ತಂದರೆ ಟ್ಯೂಬನ್ನು ಬಿಗಿಯುವ ಉಂಗುರ ಕೂರುವುದೇ ಇಲ್ಲ. 10/13ರ ಟ್ಯೂಬಿಗೆ 10/16ರದ್ದು ಹಾಕಿದರೆ ಕೂತಂತೆ ಕಂಡು, ಬಿಗಿಯಾಗದೆ, ಒಂದು ದಿನ ಕಳಚಿಕೊಳ್ಳುತ್ತದೆ. ಪ್ರೊಸೆಸರ್, ಕಾರ್ಡ್, ಎರಡು ರೇಡಿಯೇಟರ್, ಪಂಪ್ ರಿಸರ್ವಾಯರ್, ಹೀಗೆ ಐದು ಭಾಗಕ್ಕೆ ಹತ್ತು ಬಾಯಿ, ಹತ್ತು ಫಿಟ್ಟಿಂಗ್. ನೀರು ಇಳಿಸುವ ಟಿಗೆ ಇನ್ನೆರಡು, ಕೈಮೀಸಲು ಎರಡು. 90 ಡಿಗ್ರಿಯ ತಿರುಗುವ ಮೊಣಕೈ ನಾಲ್ಕು. ಟ್ಯೂಬು ಮೂರು ಮೀಟರ್ ಧಾರಾಳ.

ಲೋಹದ ವಿಷಯದಲ್ಲಿ ರಾಜಿ ಬೇಡ. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪಿಸಿದ ತಾಮ್ರ ಒಂದೇ ಲೂಪಿನಲ್ಲಿ ಹೊಂದಿಕೊಂಡು ಬಾಳುತ್ತವೆ. ಅಲ್ಯುಮಿನಿಯಂ ಅವುಗಳ ಜೊತೆ ಸೇರಿದರೆ ನೀರಿನ ಮೂಲಕ ಚಿಕ್ಕದೊಂದು ಬ್ಯಾಟರಿ ಆದಂತಾಗಿ, ಅಲ್ಯುಮಿನಿಯಂ ಕರಗುತ್ತ ಹೋಗುತ್ತದೆ. ಜೋಡಿಸಿಯೇ ಸಿಗುವ ಸಿದ್ಧ ವಾಟರ್ ಕೂಲರುಗಳಲ್ಲಿ ರೇಡಿಯೇಟರ್ ಹೆಚ್ಚಾಗಿ ಅಲ್ಯುಮಿನಿಯಮ್ಮಿನದೇ. ಹಳೆಯದೊಂದು ಮನೆಯಲ್ಲಿ ಬಿದ್ದಿದೆ, ಅದನ್ನೇ ಜೋಡಿಸೋಣ ಎನ್ನುವ ಆಸೆ ಬೇಡ.

ಕೂಲೆಂಟ್ ವಿಷಯದಲ್ಲೂ ಹಾಗೆಯೇ. ನಲ್ಲಿ ನೀರಿನ ಲವಣ ಬ್ಲಾಕಿನಲ್ಲಿ ಕೂರುತ್ತದೆ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಪಾಚಿ ಬೆಳೆಯುತ್ತದೆ, ತುಕ್ಕು ತಡೆಯುವ ಅಂಶವೂ ಇಲ್ಲ. ಎರಡನ್ನೂ ತಡೆಯುವ, ಬಣ್ಣವಿಲ್ಲದ ಸಿದ್ಧ ದ್ರವ ಅಥವಾ ಡಿಸ್ಟಿಲ್ಡ್ ನೀರಿಗೆ ಬೆರೆಸುವ ಸಾಂದ್ರ ದ್ರವ ಮೊದಲ ಲೂಪಿಗೆ ಸರಿ. ಹಾಲಿನಂತೆ ಗಾಢವಾಗಿ ಕಾಣುವ ಕೂಲೆಂಟಿನ ಬಣ್ಣ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳದ್ದು. ಹರಿವು ನಿಧಾನವಾದಲ್ಲೆಲ್ಲ ಆ ಕಣಗಳು ತಳ ಹಿಡಿಯುತ್ತವೆ. 10 ಮಿಲಿಮೀಟರ್ ಒಳ ಅಳತೆಯ ಟ್ಯೂಬ್ ಮೀಟರಿಗೆ 80 ಮಿಲಿಲೀಟರ್ ಕೂಡ ಹಿಡಿಯುವುದಿಲ್ಲ, ಒಟ್ಟು ಲೂಪಿಗೆ ಒಂದು ಲೀಟರ್ ಹತ್ತಿರ ಸಾಕು. ಆದರೂ ಎರಡು ಲೀಟರ್ ಇಟ್ಟುಕೊಳ್ಳಿ. ಮೊದಲ ದಿನವೇ ಏನಾದರೂ ಸರಿಪಡಿಸಲು ನೀರು ಇಳಿಸಬೇಕಾದೀತು.

ಜೋಡಣೆಯ ಮುನ್ನಾದಿನ ರೇಡಿಯೇಟರ್ ತೊಳೆಯುವ ದಿನ. ಹೊಸದರೊಳಗೂ ಬೆಸುಗೆಯ ಫ್ಲಕ್ಸ್, ಲೋಹದ ಪುಡಿ ಉಳಿದಿರುತ್ತದೆ. ಬಿಸಿ ನೀರನ್ನು ಅರ್ಧ ತುಂಬಿ, ಬಾಯಿ ಮುಚ್ಚಿ, ಎರಡು ನಿಮಿಷ ಜೋರಾಗಿ ಅಲುಗಿಸಿ, ಬಿಳಿ ಬಟ್ಟಲಿಗೆ ಸುರಿಯಿರಿ. ಬಟ್ಟಲು ಬಿಳಿಯದೇ ಇರಬೇಕು, ಕಸ ಕಾಣುವುದು ಅದರಲ್ಲೇ. ಏನೂ ಕಾಣದ ತನಕ ಮಾಡಿ, ಕೊನೆಯ ಎರಡು ಸಲ ಡಿಸ್ಟಿಲ್ಡ್ ನೀರು. ಇದನ್ನು ಬಿಟ್ಟವರ ರಿಸರ್ವಾಯರಿನಲ್ಲಿ ನೊರೆ ಏಳುತ್ತದೆ, ಕೂಲೆಂಟಿನ ಬಣ್ಣ ವಾರಗಳಲ್ಲೇ ಬದಲಾಗುತ್ತದೆ. ಆ ಪುಡಿ ಹೋಗಿ ಸಿಕ್ಕಿಕೊಳ್ಳುವುದು ಪ್ರೊಸೆಸರ್ ಬ್ಲಾಕಿನಲ್ಲಿ. ಅದರ ಒಳಗೆ ತಾಮ್ರವನ್ನು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತಾರೆ, ಹಲ್ಲು ಹಲ್ಲಿನ ನಡುವೆ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಲೂಪಿನ ಜರಡಿಯೇ ಅದು. ನೀರು ನಡುವಿನ ಸೀಳಿನಿಂದ ಹಲ್ಲುಗಳ ಮೇಲೆ ಬಿದ್ದು ಎರಡೂ ಪಕ್ಕಕ್ಕೆ ಹರಿಯುವ ಹಾಗೆ ಮಾಡಿರುವುದರಿಂದ ಒಳಬಾಯಿ ಯಾವುದು, ಹೊರಬಾಯಿ ಯಾವುದು ಎಂದು ಗುರುತು ನೋಡಿಯೇ ಟ್ಯೂಬ್ ಹಾಕಬೇಕು. ತಿರುಗಾಮುರುಗಾ ಆದರೂ ಕೆಲಸ ನಡೆಯುತ್ತದೆ, ಕೆಲವು ಡಿಗ್ರಿ ನಷ್ಟದಲ್ಲಿ.

ಕಾರ್ಡಿನ ಬ್ಲಾಕಿನಲ್ಲಿ ಎಡವುವುದು ಥರ್ಮಲ್ ಪ್ಯಾಡಿನ, ಅಂದರೆ ಮೆಮೊರಿಯಿಂದ ಬ್ಲಾಕಿಗೆ ಶಾಖ ದಾಟಿಸುವ ಮೆತ್ತನೆಯ ಹಾಳೆಯ, ದಪ್ಪದಲ್ಲಿ. ಕೈಪಿಡಿ 1 ಮಿಲಿಮೀಟರ್ ಎಂದ ಕಡೆ 1.5ರದ್ದು ಹಾಕಿದರೆ ಮೆಮೊರಿಯ ಮೇಲಿನ ಪ್ಯಾಡು ಬ್ಲಾಕನ್ನು ಎತ್ತಿ ಹಿಡಿಯುತ್ತದೆ, ಚಿಪ್ಪಿಗೂ ಬ್ಲಾಕಿಗೂ ನಡುವೆ ಸಂದಿ ಉಳಿಯುತ್ತದೆ. ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಮೊದಲ ಸಲ ಕೂರಿಸಿ, ಬಿಚ್ಚಿ, ಪ್ಯಾಡುಗಳ ಮೇಲೆ ಚಿಪ್ಪಿನ ಅಚ್ಚು ಬಿದ್ದಿದೆಯೇ, ಪೇಸ್ಟ್ ಎಲ್ಲ ಕಡೆ ಹರಡಿದೆಯೇ ನೋಡಿ, ಪೇಸ್ಟ್ ಒರೆಸಿ ಹೊಸದು ಹಾಕಿ ಮತ್ತೆ ಕೂರಿಸಿ. ಹಳೆಯ ಕೂಲರನ್ನೂ ಅದರ ಸ್ಕ್ರೂಗಳನ್ನೂ ಎಸೆಯಬೇಡಿ. ಇನ್ನೊಂದು ಮಾತು: ಅಕ್ರಿಲಿಕ್ ಮುಚ್ಚಳವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬಾರದು, ಅದು ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ.

ಫಿಟ್ಟಿಂಗನ್ನು ಕೈಯಲ್ಲೇ ತಿರುಗಿಸಿ. ಒ-ರಿಂಗ್ ತಳಕ್ಕೆ ತಾಗಿದ ಕ್ಷಣ ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಂದ ಮುಂದೆ ಸ್ವಲ್ಪ ಹಿತವಾಗಿ ಬಿಗಿಸಿದರೆ ಮುಗಿಯಿತು. ನೀರನ್ನು ತಡೆಯುವುದು ರಬ್ಬರಿನ ಒತ್ತು, ಚೂಡಿಯ ಬಿಗಿ ಅಲ್ಲ. ಸ್ಪಾನರ್ ಹಾಕಿ ತಿರುವಿದರೆ ರಿಂಗ್ ಹಿಂಡಿ ಹೊರಗೆ ಬರುತ್ತದೆ, ಅಕ್ರಿಲಿಕ್ ಆಗಿದ್ದರೆ ಬಾಯಿಯೇ ಸೀಳುತ್ತದೆ.

ಸೋರಿಕೆಯ ಪರೀಕ್ಷೆಗೆ ಮೊದಲು ಗಾಳಿ. ಒತ್ತಡದ ಮುಳ್ಳಿರುವ ಕೈಪಂಪಿನಿಂದ ಖಾಲಿ ಲೂಪಿಗೆ 0.5 ಬಾರ್ ತುಂಬಿ, ಅರ್ಧ ಗಂಟೆ ಬಿಡಿ, ಮುಳ್ಳು ಅಲುಗಬಾರದು. ಅದಕ್ಕಿಂತ ಹೆಚ್ಚು ಒತ್ತಡ ರಿಸರ್ವಾಯರಿಗೆ ಅಪಾಯ. ಮುಳ್ಳು ಇಳಿದರೆ ಲೂಪನ್ನು ಎರಡು ಭಾಗ ಮಾಡಿ ಬೇರೆಬೇರೆಯಾಗಿ ನೋಡುತ್ತ ಹೋದರೆ ಕಳ್ಳ ಸಿಗುತ್ತಾನೆ. ಇಷ್ಟೆಲ್ಲ ಮಾಡುವಾಗ ಇನ್ನೂ ಒಂದು ಹನಿ ನೀರೂ ಒಳಗೆ ಹೋಗಿರುವುದಿಲ್ಲ, ಅದೇ ಇದರ ಸೊಗಸು.

ನೀರು ತುಂಬುವಾಗ ಪಂಪಿಗೆ ಮಾತ್ರ ವಿದ್ಯುತ್ ಇರಬೇಕು. ಮದರ್‌ಬೋರ್ಡ್, ಕಾರ್ಡ್, ಪ್ರೊಸೆಸರ್ ಎಲ್ಲದರಿಂದಲೂ ಪವರ್ ಸಪ್ಲೈ ಕೇಬಲ್ ಕಿತ್ತು, ಮದರ್‌ಬೋರ್ಡಿಗೆ ಹೋಗುತ್ತಿದ್ದ 24 ಪಿನ್ನಿನ ಕನೆಕ್ಟರಿಗೆ ಜಂಪರ್ ಪ್ಲಗ್ ಹಾಕಿ. ಅದು 16ನೇ ಪಿನ್ನನ್ನು ಗ್ರೌಂಡಿಗೆ ಸೇರಿಸಿ ಪವರ್ ಸಪ್ಲೈಗೆ ಕಂಪ್ಯೂಟರ್ ಆನ್ ಆಗಿದೆ ಎಂಬ ಸೂಚನೆ ಕೊಡುತ್ತದೆ. ಫಿಟ್ಟಿಂಗುಗಳ ಕೆಳಗೆ ಬಿಳಿ ಟಿಶ್ಯೂ ಹಾಸಿ. ರಿಸರ್ವಾಯರ್ ತುಂಬಿ, ಪಂಪನ್ನು ಎರಡು ಮೂರು ಸೆಕೆಂಡ್ ಓಡಿಸಿ ನಿಲ್ಲಿಸಿ. ನೀರಿನ ಮಟ್ಟ ಸರ್ರೆಂದು ಇಳಿಯುತ್ತದೆ. ಮತ್ತೆ ತುಂಬಿ, ಮತ್ತೆ ಓಡಿಸಿ. ಮಟ್ಟ ಪಂಪಿನ ಬಾಯಿಗೆ ಬರುವ ಮುಂಚೆ ನಿಲ್ಲಿಸುವುದೇ ಇಲ್ಲಿಯ ಜಾಣ್ಮೆ. ಮಟ್ಟ ನಿಂತ ಮೇಲೆ ಕೇಸನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ನಿಧಾನವಾಗಿ ವಾಲಿಸಿ. ರೇಡಿಯೇಟರಿನ ತೊಟ್ಟಿಯಲ್ಲಿ ಅಡಗಿದ ಗಾಳಿ ಗುಳುಗುಳು ಎನ್ನುತ್ತ ಹೊರಡುತ್ತದೆ, ರಿಸರ್ವಾಯರ್ ಕ್ಷಣಕಾಲ ಮಂಜಾಗಿ ಮತ್ತೆ ತಿಳಿಯಾಗುತ್ತದೆ. ಸಣ್ಣ ಗುಳ್ಳೆಗಳು ಹೋಗಲು ಕೆಲವು ದಿನ ಹಿಡಿಯುತ್ತವೆ. ಒಂದು ಇಡೀ ದಿನ ಪಂಪ್ ಓಡಿಸಿ, ಟಿಶ್ಯೂ ಒಣಗಿದ್ದರೆ ಮಾತ್ರ ಉಳಿದ ಕೇಬಲ್ ಚುಚ್ಚಿ. ವಿದ್ಯುತ್ ಹಾಯದ ಕೂಲೆಂಟ್ ಎಂಬ ಭರವಸೆಯನ್ನು ನಂಬಿ ಇದನ್ನು ಬಿಡಬೇಡಿ. ಲೋಹ, ಧೂಳು ಸೇರಿದ ಮೇಲೆ ಎಲ್ಲ ದ್ರವವೂ ವಿದ್ಯುತ್ ಹಾಯಿಸುತ್ತದೆ.

ಫ್ಯಾನುಗಳನ್ನು ಪ್ರೊಸೆಸರಿನ ಉಷ್ಣತೆಗೆ ಕಟ್ಟಿಹಾಕುವುದು ಬಹಳ ಕಡೆ ಕಾಣುವ ತಪ್ಪು. ಪ್ರೊಸೆಸರ್ ಒಂದು ಸೆಕೆಂಡಿನಲ್ಲಿ 20 ಡಿಗ್ರಿ ಹಾರುತ್ತದೆ, ಫ್ಯಾನೂ ಅದರ ಜೊತೆ ಬೊಬ್ಬೆ ಹೊಡೆಯುತ್ತದೆ, ನೀರಿಗೆ ಮಾತ್ರ ಏನೂ ಆಗಿರುವುದಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 500 ವ್ಯಾಟಿಗೂ ಎಂಟು ಸೆಕೆಂಡಿಗಿಂತ ಹೆಚ್ಚು ಬೇಕು. ಲೂಪಿಗೆ ನೀರಿನ ಉಷ್ಣತೆ ಅಳೆಯುವ ಹತ್ತು ಕಿಲೊಓಮ್ ಸೆನ್ಸರ್ ಒಂದನ್ನು ಹಾಕಿ, ಮದರ್‌ಬೋರ್ಡಿನಲ್ಲಿ ಅದಕ್ಕೆ ಎರಡು ಪಿನ್ನಿನ ಜಾಗವಿದೆಯೇ ಮೊದಲೇ ನೋಡಿ, ಫ್ಯಾನಿನ ವೇಗವನ್ನು ನೀರಿನ ಉಷ್ಣತೆಗೆ ಜೋಡಿಸಿ. ಪರೀಕ್ಷೆಯನ್ನೂ ಐದು ನಿಮಿಷಕ್ಕೆ ಮುಗಿಸಬೇಡಿ, ನೀರು ಒಂದು ಮಟ್ಟಕ್ಕೆ ನಿಲ್ಲಲು ಅರ್ಧ ಗಂಟೆಯಾದರೂ ಬೇಕು. ಆಗ ಬಂದ ಮೂರು ಅಂಕಿಗಳನ್ನು, ಕೋಣೆ, ನೀರು, ಚಿಪ್, ಬರೆದಿಡಿ.

ಮುಂದೆ ಏನು ಕೆಟ್ಟರೂ ಆ ಮೂರು ಅಂಕಿಗಳೇ ಹೇಳುತ್ತವೆ. ಕೋಣೆಗೂ ನೀರಿಗೂ ಅಂತರ ಹೆಚ್ಚಿದ್ದರೆ ರೇಡಿಯೇಟರಿನಲ್ಲಿ ಧೂಳು ಕೂತಿದೆ ಅಥವಾ ಫ್ಯಾನ್ ನಿಂತಿದೆ. ನೀರು ಮೊದಲಿನಷ್ಟೇ ಇದ್ದು ಪ್ರೊಸೆಸರ್ ಮಾತ್ರ ಏರಿದ್ದರೆ ಬ್ಲಾಕಿನ ಹಲ್ಲುಗಳ ನಡುವೆ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಪೇಸ್ಟ್ ಒಣಗಿದೆ. ಪ್ರೊಸೆಸರ್, ಕಾರ್ಡ್ ಎರಡೂ ಏರಿ ನೀರು ತಣ್ಣಗಿದ್ದರೆ ಹರಿವು ಕುಂದಿದೆ, ಮೊದಲು ಪಂಪಿನ ವೇಗ ನೋಡಿ.

ವರ್ಷಕ್ಕೊಮ್ಮೆ ನೀರು ಬದಲಿಸುವ ದಿನ ಬಂದಾಗ, ಯಂತ್ರ ಆರಿಸಿ, ತಳದ ವಾಲ್ವಿನ ಪ್ಲಗ್ ತೆಗೆದು ಒಂದು ಗೇಣು ಟ್ಯೂಬ್ ಚುಚ್ಚಿ, ಬಾಟಲಿ ಇಡಿ. ವಾಲ್ವ್ ತೆರೆದರೆ ಎರಡು ಹನಿ ಬಿದ್ದು ನಿಲ್ಲುತ್ತದೆ. ಮೇಲೆ ರಿಸರ್ವಾಯರಿನ ಮುಚ್ಚಳ ಸಡಿಲಿಸಿ, ಗಾಳಿ ಒಳಗೆ ಹೋಗಬೇಕಲ್ಲ. ತಕ್ಷಣ ನೀರು ಧಾರೆಯಾಗಿ ಇಳಿಯುತ್ತದೆ. ಕೊನೆಯ ಕಾಲು ಲೀಟರ್ ರೇಡಿಯೇಟರಿನಲ್ಲೇ ನಿಂತಿರುತ್ತದೆ, ಕೇಸನ್ನು ವಾಲ್ವಿನ ಕಡೆಗೆ ವಾಲಿಸಿದರೆ ಅದೂ ಬರುತ್ತದೆ.